ಈ ರಜದಲ್ಲಿ ಆಟ ಕೊಳ್ಳಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ!

ಪರೀಕ್ಷೆ ಮುಗಿಯಿತು. ಪುಸ್ತಕದ ಚೀಲ ಮೂಲೆ ಸೇರಿತು. ಮೊದಲ ಎರಡು ದಿನ ಮನೆಯಲ್ಲಿ ಹಬ್ಬವೋ ಹಬ್ಬ. ಮೂರನೆಯ ದಿನದಿಂದ ಶುರು ನೋಡಿ: "ಅಮ್ಮಾ, ಬೇಜಾರು!" ನೀವು ಒಲೆಯ ಮುಂದೆ ಒಗ್ಗರಣೆಗೆ ಇಟ್ಟಿರುತ್ತೀರಿ, ಅತ್ತ ಕುಕ್ಕರ್ ಕೂಗುತ್ತಿರುತ್ತದೆ, ಇತ್ತ ಸೆರಗು ಹಿಡಿದು ಜಗ್ಗುವ ಮಗು. ಕೊನೆಗೆ ಬೇಸತ್ತು ಮೊಬೈಲ್ ಕೈಗೆ ಕೊಟ್ಟು "ಹೋಗು, ಅರ್ಧ ಗಂಟೆ ಮಾತ್ರ" ಎನ್ನುತ್ತೀರಿ. ಆ ಅರ್ಧ ಗಂಟೆ ಸಂಜೆಯ ದೀಪ ಹಚ್ಚುವವರೆಗೂ ಮುಗಿಯುವುದಿಲ್ಲ. ನಿಜ ತಾನೇ?

ಇಲ್ಲದಿದ್ದರೆ ಪೇಟೆಯಿಂದ ಒಂದು ಆಟದ ಪೆಟ್ಟಿಗೆ ತರುತ್ತೀರಿ. ನಾಲ್ಕು ದಿನ ಆಡುತ್ತಾರೆ. ಐದನೆಯ ದಿನ ದಾಳ ಮಂಚದ ಕೆಳಗೆ, ಕಾಯಿಗಳು ಚಪ್ಪಲಿ ಗೂಡಿನಲ್ಲಿ!

ಈ ಸಲ ಒಂದು ಬೇರೆ ದಾರಿ ಹಿಡಿದು ನೋಡೋಣವೇ? ಆಟ ಕೊಳ್ಳುವುದು ಬೇಡ. ಮಕ್ಕಳೇ ಯೋಚಿಸಿ, ಮಕ್ಕಳೇ ನಿಯಮ ಕಟ್ಟಿ, ಮಕ್ಕಳೇ ರಟ್ಟಿನ ಮೇಲೆ ಬರೆದು ಒಂದು ಹೊಸ ಆಟ ಮಾಡಲಿ. ಖರ್ಚು ಬಹಳವಾದರೆ ಒಂದು ಹಾಳೆ ಬಣ್ಣದ ಕಾಗದದ್ದು. ಉಳಿದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ.

"ಅಯ್ಯೋ, ನಾನು ಓದಿದ್ದೇ ಏಳನೇ ಕ್ಲಾಸು, ನನಗೆಲ್ಲಿ ಇದೆಲ್ಲಾ ಬರುತ್ತೆ" ಎನ್ನಬೇಡಿ. ಚೌಕಾಬಾರ ಆಡಿದ್ದೀರಲ್ಲಾ? ಅಷ್ಟು ಸಾಕು. ನನಗೂ ಗೊತ್ತಿದ್ದದ್ದು ಅಷ್ಟೇ. ನಮ್ಮ ಬೀದಿಯ ಶಾಲೆಯ ಮೇಡಂ ಒಂದು ದಿನ ಬಂದು, "ಅಕ್ಕಾ, ಶನಿವಾರ ಒಂದು ಗಂಟೆ ಬಂದು ಆರನೇ ಕ್ಲಾಸಿನ ಮಕ್ಕಳಿಗೆ ಹಳೇ ಆಟಗಳನ್ನ ಹೇಳಿಕೊಡ್ತೀರಾ?" ಎಂದು ಕೇಳಿದರು. ಹೋದೆ. ಹೇಳಿಕೊಡಲು ಹೋದವಳು ನಾನೇ ಒಂದು ಪಾಠ ಕಲಿತು ಬಂದೆ. ಅದನ್ನು ಆಮೇಲೆ ಹೇಳುತ್ತೇನೆ.

ಅಜ್ಜಿಯ ಆಟಗಳೇ ಮೊದಲ ಪುಸ್ತಕ

ಹೊಸ ಅಡುಗೆ ಕಲಿಯುವ ಮೊದಲು ಹಳೆಯದರ ಹದ ತಿಳಿಯಬೇಕಲ್ಲವೇ? ಆಟವೂ ಹಾಗೆಯೇ. ಮೊದಲ ವಾರ ಹೊಸದೇನೂ ಮಾಡಿಸಬೇಡಿ. ನಮ್ಮ ಮನೆಗಳಲ್ಲಿದ್ದ ನಾಲ್ಕು ಆಟಗಳನ್ನು ಮಕ್ಕಳ ಜೊತೆ ಕೂತು ಆಡಿ. ಒಂದೊಂದರಲ್ಲೂ ಒಂದೊಂದು ಗುಟ್ಟಿದೆ.

ಮೊದಲನೆಯದು ಚೌಕಾಬಾರ. ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಕಾಯಿ ತನ್ನ ಕಟ್ಟೆಯಿಂದ ಹೊರಟು 24 ಹೆಜ್ಜೆ ನಡೆದರೆ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಎಂದು ಬಹಳ ಮನೆಗಳಲ್ಲಿ ನಿಯಮ. ಈ ಒಂದು ನಿಯಮವನ್ನು ತೆಗೆದುಹಾಕಿ ಒಂದು ಸಲ ಆಡಿಸಿ ನೋಡಿ. ಆಟ ಸಪ್ಪೆಯಾಗುತ್ತದೆ, ಉಪ್ಪಿಲ್ಲದ ಸಾರಿನ ಹಾಗೆ. "ಒಂದು ನಿಯಮ ಬದಲಾದರೆ ಇಡೀ ಆಟ ಬದಲಾಗುತ್ತದೆ" ಎಂದು ಬಾಯಲ್ಲಿ ಹೇಳುವುದೇ ಬೇಡ, ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಿಸೆ ಬೀಜಗಳನ್ನು ಒಂದು ಬದಿ ತೇಯ್ದು ಬಿಳಿ ಮಾಡಿಕೊಳ್ಳಿ. ಒಂದು ಬಿಳಿ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕ, ಬಾರ ಅಪರೂಪ ಯಾಕೆ? ಲೆಕ್ಕ ಹಾಕಿ ನೋಡಿ. ನಾಲ್ಕು ಬೀಜಗಳು ಬೀಳುವ ರೀತಿ ಒಟ್ಟು 16. ಅದರಲ್ಲಿ ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಒಂದಕ್ಕೆ ನಾಲ್ಕು ದಾರಿ, ಮೂರಕ್ಕೆ ನಾಲ್ಕು, ಎರಡಕ್ಕೆ ಆರು. ಬೀಜ ಎರಡು ಕಡೆಗೂ ಸಮನಾಗಿ ಬೀಳುವಂತಿದ್ದರೆ ಎರಡೇ ಹೆಚ್ಚು ಸಲ ಬೀಳಬೇಕು. ಮಕ್ಕಳಿಗೆ ನೂರು ಸಲ ಎಸೆದು ಗೆರೆ ಹಾಕಲು ಹೇಳಿ. ಗಣಿತದ ಪುಸ್ತಕ ಕಂಡರೆ ಓಡುವ ಹುಡುಗನೂ ನೆಲದ ಮೇಲೆ ಬೋರಲು ಮಲಗಿ ಎಣಿಸುತ್ತಾನೆ.

ಎರಡನೆಯದು ಅಳಗುಳಿ ಮಣೆ. ಕರಾವಳಿಯವರು ಚೆನ್ನೆಮಣೆ ಎನ್ನುತ್ತಾರೆ. ಆ ಕಡೆ ಏಳು, ಈ ಕಡೆ ಏಳು ಗುಳಿ. ಇಲ್ಲಿ ದಾಳವಿಲ್ಲ, ಅದೃಷ್ಟದ ಮಾತೇ ಇಲ್ಲ. ಯಾವ ಗುಳಿಯ ಕಾಳು ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಎಣಿಸಿದವರು ಗೆಲ್ಲುತ್ತಾರೆ.

ಮೂರನೆಯದು ಹುಲಿ-ಕುರಿ. ಒಂದು ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಎರಡು ಕಡೆಯವರ ಸಂಖ್ಯೆಯೂ ಬೇರೆ, ನಡೆಯೂ ಬೇರೆ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿಗಳು ತಿನ್ನಲಾರವು, ಆದರೆ ಒಗ್ಗಟ್ಟಾಗಿ ನಿಂತು ಹುಲಿಯನ್ನು ಕಟ್ಟಿಹಾಕಬಹುದು. ಇಬ್ಬರಿಗೂ ಒಂದೇ ಬಲ ಇರಬೇಕೆಂದಿಲ್ಲ, ಇಬ್ಬರಿಗೂ ಗೆಲ್ಲುವ ದಾರಿ ಇರಬೇಕು ಎನ್ನುವುದೇ ಇದರ ಗುಟ್ಟು.

ನಾಲ್ಕನೆಯದು ಪರಮಪದ ಸೋಪಾನ ಪಟ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಹಿರಿಯರು ಆಡುತ್ತಿದ್ದರು. ಪುಣ್ಯ ಮಾಡಿದರೆ ಏಣಿ, ಪಾಪಕ್ಕೆ ಹಾವು. ಇಂಥ ನಮ್ಮ ಪಟಗಳೇ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ ಹಾವು-ಏಣಿ ಆಟವಾಗಿ ಮರಳಿ ಬಂದವು. ಆಟ ಒಂದು ಕಥೆಯನ್ನೂ ಹೇಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಆಟ ಕಟ್ಟುವುದು ಹುಡುಗಾಟಿಕೆಯ ಕೆಲಸವೆಂದು ಮನೆಯ ಹಿರಿಯರು ಮೂಗು ಮುರಿದರೆ ಅವರಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರು ಹೇಳಿ. ಮಹಾರಾಜರೇ ಸ್ವತಃ ಮಣೆಯಾಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬರೆಸಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನಗಳನ್ನು ಏರ್ಪಡಿಸಿದ್ದಾರೆ. ಹಂಪಿಗೆ ಹೋದಾಗ ಕಲ್ಲುಹಾಸಿನ ಮೇಲೆ ಕಣ್ಣಾಡಿಸಿ. ಯಾರೋ ಕೂತು ಕೊರೆದ ಆಟದ ಮನೆಗಳು ಇನ್ನೂ ಕಾಣುತ್ತವೆ.

ಹೆಂಗಸರು ಕಟ್ಟಿದ ಆಟಗಳು

ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ 'ಬಿಸಿನೆಸ್' ಆಟದ ಪೆಟ್ಟಿಗೆ ಇದ್ದಿರಬೇಕು. ಊರು ಕೊಳ್ಳುವುದು, ಮನೆ ಕಟ್ಟುವುದು, ಬಂದವರಿಂದ ಬಾಡಿಗೆ ವಸೂಲು ಮಾಡುವುದು. ಇದರ ಮೂಲ ಅಮೆರಿಕದ 'ಮೊನಾಪಲಿ'. ಅದರ ಮೂಲ ಎಲಿಜಬೆತ್ ಮ್ಯಾಗಿ ಎಂಬ ಹೆಣ್ಣುಮಗಳು ಮಾಡಿದ 'ಜಮೀನ್ದಾರನ ಆಟ'. 1904ರಲ್ಲಿ ಆಕೆಗೆ ಅದರ ಪೇಟೆಂಟ್ ದೊರೆಯಿತು. ಜಮೀನು ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂದು ಜನರಿಗೆ ತೋರಿಸಲೆಂದೇ ಆಕೆ ಆ ಆಟ ಕಟ್ಟಿದ್ದು. ಮುಂದೆ 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿಯನ್ನು ಮಾರುಕಟ್ಟೆಗೆ ತಂದಾಗ ಅದನ್ನು ಕಂಡುಹಿಡಿದವರೆಂದು ಹೆಸರು ಪಡೆದದ್ದು ಚಾರ್ಲ್ಸ್ ಡ್ಯಾರೋ ಎಂಬವರು. ಮ್ಯಾಗಿಗೆ ಪೇಟೆಂಟಿನ ಬೆಲೆಯಾಗಿ ಸಿಕ್ಕಿದ್ದು 500 ಡಾಲರ್, ಅಷ್ಟೇ. 1948ರಲ್ಲಿ ಆಕೆ ತೀರಿಕೊಂಡರು. ಆಕೆಯ ಪಾಲೇನೆಂದು ಜಗತ್ತಿಗೆ ಚೆನ್ನಾಗಿ ತಿಳಿದದ್ದು ಅದೆಷ್ಟೋ ವರ್ಷಗಳ ಮೇಲೆ. ಈ ಕಥೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಬ್ಬರು ಎಲಿನಾರ್ ಆಬಟ್. 1948ರಲ್ಲಿ ಪೋಲಿಯೋ ತಗುಲಿ ಅಮೆರಿಕದ ಸ್ಯಾನ್ ಡಿಯಾಗೋದ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಶಾಲಾ ಶಿಕ್ಷಕಿ. ಅದೇ ಕಾಯಿಲೆಯಿಂದ ಹಾಸಿಗೆ ಹಿಡಿದ ಮಕ್ಕಳಿಗಾಗಿ ಅವರು 'ಕ್ಯಾಂಡಿ ಲ್ಯಾಂಡ್' ಆಟ ಮಾಡಿದರು. ಅದನ್ನು ಆಡಲು ಓದು ಬೇಡ, ಎಣಿಕೆ ಬೇಡ, ಬಣ್ಣ ಗುರುತಿಸಿದರೆ ಸಾಕು. 1949ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಅದನ್ನು ಹೊರತಂದಿತು. ತೀರ ಈಚಿನವರೆಂದರೆ ಎಲಿಜಬೆತ್ ಹಾರ್ಗ್ರೇವ್. ಹಕ್ಕಿ ನೋಡುವ ಹವ್ಯಾಸವನ್ನೇ ಆಟವಾಗಿಸಿ 170 ಹಕ್ಕಿಗಳ ಚೀಟಿಗಳಿರುವ 'ವಿಂಗ್‌ಸ್ಪ್ಯಾನ್' ಮಾಡಿದರು. 2019ರಲ್ಲಿ ಜರ್ಮನಿಯ ಹೆಸರಾಂತ ಆಟದ ಬಹುಮಾನಗಳಲ್ಲೊಂದು ಅದಕ್ಕೆ ಬಂತು.

ಮೂವರೂ ತಮ್ಮ ಕಣ್ಣೆದುರಿಗೆ ಇದ್ದದ್ದನ್ನೇ ಆಟ ಮಾಡಿದರು. ಬಾಡಿಗೆ, ಕಾಯಿಲೆ ಮಲಗಿದ ಮಕ್ಕಳು, ಹಕ್ಕಿ. ನಮ್ಮ ಮಕ್ಕಳ ಕಣ್ಣೆದುರಿಗೂ ಸಂತೆಯಿದೆ, ಜಾತ್ರೆಯಿದೆ, ಬಸ್ ಸ್ಟ್ಯಾಂಡಿದೆ, ರೇಷನ್ ಅಂಗಡಿಯ ಸಾಲಿದೆ.

ನಾನು ಮಾಡಿದ ತಪ್ಪು

ಈಗ ನನ್ನ ಪಾಠದ ವಿಷಯ. ಎರಡನೆಯ ಶನಿವಾರ "ನಿಮ್ಮದೇ ಆಟ ಮಾಡಿಕೊಂಡು ಬನ್ನಿ" ಎಂದಿದ್ದೆ. ಬಂದವುಗಳಲ್ಲಿ ಮುಕ್ಕಾಲು ಪಾಲು ಹಾವು-ಏಣಿಯ ತಮ್ಮಂದಿರು. ಒಬ್ಬ ಹುಡುಗ ನೂರು ಮನೆಗೆ ನಲವತ್ತು ಹಾವು ಬರೆದಿದ್ದ! ಶಾಲೆಯ ಗಂಟೆ ಹೊಡೆದರೂ ಆಟ ಮುಗಿಯಲಿಲ್ಲ. ನಾನೇನೂ ಹೇಳಲಿಲ್ಲ. ಅವನೇ ತಲೆ ಕೆರೆದುಕೊಂಡು, "ಮಿಸ್, ಹಾವು ಜಾಸ್ತಿಯಾಯ್ತು" ಎಂದು ರಬ್ಬರು ತೆಗೆದುಕೊಂಡು ಎಂಟಕ್ಕೆ ಇಳಿಸಿದ. (ನಾನು ಮಿಸ್ಸಲ್ಲ ಎಂದು ಎಷ್ಟು ಹೇಳಿದರೂ ಕೇಳುವವರು ಯಾರು!)

ಹಿಂದಿನ ಬೆಂಚಿನಲ್ಲಿ ಕೂರುವ, ಕೇಳಿದರೂ ಬಾಯಿ ಬಿಡದ ಒಬ್ಬ ಹುಡುಗಿ ಮಾತ್ರ ಬೇರೆ ಏನನ್ನೋ ತಂದಿದ್ದಳು. ನೋಟ್ ಪುಸ್ತಕದ ರಟ್ಟಿನ ನಡುವೆ ಒಂದು ನಲ್ಲಿ, ನಾಲ್ಕು ಮೂಲೆಗೆ ನಾಲ್ಕು ಮನೆ. ನಲ್ಲಿಯ ಹತ್ತಿರ ಒಂದು ರಾಶಿ ಹುಣಿಸೆ ಬೀಜ, ಅದು ನೀರು. ದಾಳ ಹಾಕಿ ನೀರು ಹಿಡಿಯಬೇಕು. ನಾಲ್ಕು ಮನೆಯ ಕೊಡಗಳೂ ತುಂಬುವ ಮೊದಲೇ ನಲ್ಲಿ ನಿಂತರೆ ನಾಲ್ವರೂ ಸೋತಂತೆ. ತುಂಬಿದರೆ ನಾಲ್ವರೂ ಗೆದ್ದಂತೆ.

ನೋಡಿದೆ. "ಚೆನ್ನಾಗಿದೆ ಕಣೇ, ಆದರೆ ಗೆಲ್ಲೋರು ಒಬ್ಬರು ಇರಬೇಕಲ್ವಾ? ಇಲ್ಲದಿದ್ದರೆ ಅದು ಆಟ ಹೇಗಾಗುತ್ತೆ?" ಎಂದೆ. ಎಂದು ಸುಮ್ಮನಾದೆನೇ? ಇಲ್ಲ. ಮನೆಗೆ ತಂದು, ಒಳ್ಳೆಯ ರಟ್ಟಿನ ಮೇಲೆ ಅಂದವಾಗಿ ಬರೆದು, ಬಣ್ಣ ಹಚ್ಚಿ, ಮೊದಲು ಕೊಡ ತುಂಬಿಸಿದವರೇ ಗೆದ್ದಂತೆ ಎಂದು ನಿಯಮ ತಿದ್ದಿ, ಮುಂದಿನ ಶನಿವಾರ ಹೆಮ್ಮೆಯಿಂದ ಕೊಂಡೊಯ್ದೆ. ಮಕ್ಕಳು ಎರಡು ಸಲ ಆಡಿ ಎದ್ದುಬಿಟ್ಟರು. ದೊಡ್ಡ ಸಂಖ್ಯೆ ಬಿದ್ದವರು ಗೆದ್ದರು, ಅಷ್ಟೇ. ಯೋಚಿಸಲು ಏನೂ ಇರಲಿಲ್ಲ. ಆ ಹುಡುಗಿ ಅದನ್ನು ಮುಟ್ಟಲೂ ಇಲ್ಲ.

"ಯಾಕೆ ಪುಟ್ಟಾ, ನಿನ್ನ ಆಟ ನೀನೇ ಆಡಲ್ವಾ?" ಎಂದೆ.

"ಅದು ನಿಮ್ಮ ಆಟ ಮಿಸ್" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಬೀದೀಲಿ ಯಾರೂ ಗೆಲ್ಲಲ್ಲ. ನೀರು ನಿಂತರೆ ಎಲ್ಲರಿಗೂ ನಿಲ್ಲುತ್ತೆ" ಎಂದಳು.

ನನಗೆ ಮುಖ ಎತ್ತಲಾಗಲಿಲ್ಲ. ಹನ್ನೊಂದು ವರ್ಷದ ಮಗು ತಾನು ದಿನಾ ಬೆಳಿಗ್ಗೆ ಕೊಡ ಹಿಡಿದು ಕಂಡದ್ದನ್ನು ರಟ್ಟಿನ ಮೇಲೆ ಇಟ್ಟಿತ್ತು. ನಾನು ಅದನ್ನು ಅಳಿಸಿ, ನನಗೆ ಗೊತ್ತಿದ್ದ ಓಟದ ಸ್ಪರ್ಧೆಯನ್ನು ಅದರ ಮೇಲೆ ಬರೆದಿದ್ದೆ. ಮ್ಯಾಗಿಯ ಕಥೆ ಓದಿ "ಛೆ, ಎಂಥ ಅನ್ಯಾಯ" ಎಂದವಳು ನಾನೇ! ನನ್ನ ಚೆಂದದ ರಟ್ಟನ್ನು ಪಕ್ಕಕ್ಕಿಟ್ಟು, "ನಿನ್ನದನ್ನೇ ತೆಗಿ, ನನಗೆ ಹೇಳಿಕೊಡು" ಎಂದು ನೆಲದ ಮೇಲೆ ಕೂತೆ.

'ನೀರು ಬಂತು' ಆಡುವ ಬಗೆ

ಅವಳ ಆಟವನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಆಡುವವರು: ನಾಲ್ಕು ಮಂದಿ.

ಬೇಕಾಗುವ ಸಾಮಾನು: ಒಂದು ರಟ್ಟು, ಒಂದು ದಾಳ, 22 ಹುಣಿಸೆ ಬೀಜ, ನಾಲ್ಕು ಅಂಗಿ ಗುಂಡಿ. ಗುಂಡಿಗಳು ಕೊಡದ ಮುಚ್ಚಳ.

ಆಡುವುದು: ಬೀಜಗಳನ್ನೆಲ್ಲ ನಡುವೆ ನಲ್ಲಿಯ ಮೇಲೆ ಇಡಿ. ಪ್ರತಿ ಮನೆಗೂ ನಾಲ್ಕು ಬೀಜದಷ್ಟು ನೀರು ಬೇಕು, ಒಟ್ಟು ಹದಿನಾರು. ಸರದಿಯಂತೆ ದಾಳ ಹಾಕಿ. ಒಂದು, ಎರಡು, ಮೂರು ಬಿದ್ದರೆ ಅಷ್ಟು ಬೀಜ ಹಿಡಿಯಬಹುದು. ತನ್ನ ಮನೆಗೇ ಆಗಬೇಕೆಂದಿಲ್ಲ, ಯಾವ ಮನೆಗಾದರೂ ಹಂಚಿ ಹಾಕಬಹುದು. ನಾಲ್ಕು, ಐದು ಬಿದ್ದರೆ ಒಂದು ಬೀಜ ಚೆಲ್ಲಿಹೋಗುತ್ತದೆ. ಆರು ಬಿದ್ದರೆ ಎರಡು ಚೆಲ್ಲುತ್ತವೆ. ಚೆಲ್ಲಿದ್ದು ಆಟದಿಂದ ಹೊರಗೆ. ಪ್ರತಿಯೊಬ್ಬರ ಬಳಿಯೂ ಒಂದು ಮುಚ್ಚಳ ಇರುತ್ತದೆ. ಅದನ್ನು ಒಂದೇ ಒಂದು ಸಲ ಇಟ್ಟು, ತನ್ನದಾಗಲಿ ಬೇರೆಯವರದಾಗಲಿ ಆ ಸಲ ಚೆಲ್ಲುವ ನೀರನ್ನು ತಡೆಯಬಹುದು.

ಗಮ್ಮತ್ತು ಇರುವುದು ಮುಚ್ಚಳದಲ್ಲಿ. ಐದು ಬಿತ್ತು, ಒಂದು ಬೀಜ ಹೋಗುತ್ತಿದೆ. ಈಗಲೇ ಮುಚ್ಚಳ ಹಾಕೋಣವೇ, ಇಲ್ಲ ಆರು ಬೀಳುವವರೆಗೆ ಉಳಿಸೋಣವೇ? "ಹಾಕೇ, ಹಾಕೇ!" "ಬೇಡ, ಇರಲಿ, ಕಾಯೋಣ!" ಎಂದು ಇಡೀ ಕೋಣೆ ಕೂಗಾಡಿತು. ಒಂದು ಮಾತೂ ಆಡದ ಆ ಹುಡುಗಿಯೇ ಎಲ್ಲರಿಗಿಂತ ಜೋರು!

ಇನ್ನು 22 ಬೀಜ ಎಂಬ ಲೆಕ್ಕ ಹೇಗೆ ಬಂತು ಕೇಳಿ. ಮೊದಲು ಅವಳು ಇಟ್ಟಿದ್ದು 18. ನಾಲ್ಕು ಸಲ ಆಡಿದರು, ನಾಲ್ಕೂ ಸಲ ನಲ್ಲಿ ನಿಂತಿತು. ಮಕ್ಕಳ ಮುಖ ಬಾಡಿತು. 30ಕ್ಕೆ ಏರಿಸಿದರು. ನಾಲ್ಕೂ ಸಲ ಗೆದ್ದರು, ಆಕಳಿಕೆ ಬಂತು. 22 ಇಟ್ಟಾಗ ಎರಡು ಸೋಲು, ಎರಡು ಗೆಲುವು. "ಇನ್ನೊಂದ್ಸಲ, ಇನ್ನೊಂದ್ಸಲ" ಎಂಬ ಕೂಗು ಎದ್ದಿತು. ಉಪ್ಪು ನೋಡಿ ಸಾರಿನ ಹದ ಮಾಡುವುದು ಎಂದರೆ ಇದೇ ಅಲ್ಲವೇ?

ನಿಮ್ಮ ಮನೆಯಲ್ಲಿ ಹೀಗೆ ಮಾಡಿಸಿ

ಬೇಕಾದ ಸಾಮಾನು ಮೊದಲೇ ಒಂದು ಬುಟ್ಟಿಯಲ್ಲಿ ಕೂಡಿಡಿ. ಹಳೆಯ ಸೀರೆ ಡಬ್ಬಿ ಅಥವಾ ಸಿಹಿ ಡಬ್ಬಿಯ ರಟ್ಟು, ಹಳೆಯ ಲಗ್ನಪತ್ರಿಕೆಗಳು (ಚೀಟಿ ಕತ್ತರಿಸಲು ಇದಕ್ಕಿಂತ ಒಳ್ಳೆಯ ಗಟ್ಟಿ ಕಾಗದ ಸಿಗದು), ಹುಣಿಸೆ ಬೀಜ, ಅಂಗಿ ಗುಂಡಿ, ಬಾಟಲಿ ಮುಚ್ಚಳ, ಪೆನ್ಸಿಲು, ಸ್ಕೇಲು. ಅಂಟು ಬೇಕಿದ್ದರೆ ಎರಡು ಚಮಚ ಮೈದಾವನ್ನು ಮುಕ್ಕಾಲು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಟ್ಟಿಯಾಗಿ ಹೊಳಪು ಬಂದಾಗ ಇಳಿಸಿ. ಆ ದಿನವೇ ಮುಗಿಸಬೇಕು, ಇಟ್ಟರೆ ಹುಳಿಯುತ್ತದೆ.

ಮೊದಲ ಹೆಜ್ಜೆ, ಗೊತ್ತಿರುವ ಆಟದ ಒಂದೇ ಒಂದು ನಿಯಮ ಬದಲಾಯಿಸುವುದು. ಚೌಕಾಬಾರದಲ್ಲಿ ಕಾಯಿ ಹಿಂದಕ್ಕೂ ನಡೆಯಬಹುದು ಎಂದರೆ ಏನಾಗುತ್ತದೆ? ಹುಲಿ ಎರಡೇ ಇದ್ದರೆ? ಬದಲಾಯಿಸಿ, ಆಡಿ, ಚೆನ್ನಾಯಿತೋ ಕೆಟ್ಟಿತೋ ಅವರೇ ಹೇಳಲಿ.

ಎರಡನೆಯದು ವಿಷಯ ಹುಡುಕುವುದು. "ನೀನು ನಿನ್ನೆ ಕಂಡದ್ದರಲ್ಲಿ ಕಷ್ಟದ ಕೆಲಸ ಯಾವುದು?" ಎಂದು ಕೇಳಿ. ಕೊನೆಯ ಬಸ್ಸು ಹಿಡಿಯುವುದು, ಸಂತೆಯಲ್ಲಿ ನೂರು ರೂಪಾಯಿಗೆ ವಾರದ ತರಕಾರಿ ತರುವುದು, ಮದುವೆ ಮನೆಯಲ್ಲಿ ಊಟದ ಪಂಕ್ತಿ ಎಬ್ಬಿಸುವುದು. ಆಟ ಅಲ್ಲಿಂದ ಹುಟ್ಟುತ್ತದೆ.

ಮೂರನೆಯದು ನಾಲ್ಕು ಪ್ರಶ್ನೆಗಳು. ಆಡುವವರಿಗೆ ಏನು ಬೇಕು? ಅದಕ್ಕೆ ಅಡ್ಡಿ ಏನು? ತಮ್ಮ ಸರದಿಯಲ್ಲಿ ಅವರು ಆರಿಸಿಕೊಳ್ಳುವುದು ಏನು? ಆಟ ಯಾವಾಗ ಮುಗಿಯುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ದಾಳವೇ ಆಡುತ್ತದೆ, ಮಕ್ಕಳು ಆಡುವುದಿಲ್ಲ. ನಾನು ತಿದ್ದಿ ಕೆಡಿಸಿದ ಆಟಕ್ಕೆ ಆದದ್ದು ಅದೇ.

ನಾಲ್ಕನೆಯದು ಕಚ್ಚಾ ಆಟ. ಬಣ್ಣ ಬೇಡ, ಚಿತ್ರ ಬೇಡ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಅದೇ ದಿನ ಆಡಲಿ. ಮೊದಲೇ ಚೆಂದ ಮಾಡಿದರೆ ಅಳಿಸಲು ಮನಸ್ಸು ಬರುವುದಿಲ್ಲ.

ಐದನೆಯದು ತಿದ್ದುವುದು. ಪಕ್ಕದ ಮನೆಯ ಮಕ್ಕಳನ್ನು ಕರೆಯಿರಿ. ಆಟ ಮಾಡಿದ ಮಗು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಬೇಕು. ಎಲ್ಲಿ ಜಗಳವಾಯಿತು, ಎಲ್ಲಿ ಆಕಳಿಸಿದರು, ಎಲ್ಲಿ ನಕ್ಕರು ಎಂದು ಗುರುತು ಹಾಕಿಕೊಳ್ಳಲಿ. ಒಂದು ಸಲಕ್ಕೆ ಒಂದೇ ನಿಯಮ ತಿದ್ದಲಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಹದ ಬಂತೆಂದು ತಿಳಿಯುವುದಿಲ್ಲ.

ಆರನೆಯದು ನಿಯಮ ಬರೆಯುವುದು. ಇದು ಎಲ್ಲಕ್ಕಿಂತ ಕಷ್ಟ. ನಾವು ಅಡುಗೆ ಬರೆಯುವಾಗ 'ಉಪ್ಪು ರುಚಿಗೆ ತಕ್ಕಷ್ಟು' ಎಂದು ಬರೆದು ಪಾರಾಗುತ್ತೇವೆ. ಆಟದಲ್ಲಿ ಅದು ನಡೆಯದು. ಮೊದಲು ಯಾರು ಆಡಬೇಕು, ದಾಳ ಮಣೆಯಿಂದ ಹೊರಗೆ ಬಿದ್ದರೆ ಏನು, ಒಂದೇ ಮನೆಯಲ್ಲಿ ಇಬ್ಬರು ಬಂದರೆ ಏನು, ಎಲ್ಲ ಬರೆಯಬೇಕು. ಬರೆದದ್ದನ್ನು ಅಜ್ಜಿಗೋ ಅತ್ತೆಗೋ ಓದಿ ಹೇಳಿ, ಅವರು ಏನೂ ಕೇಳದೆ ಆಡಿದರೆ ಬರಹ ಸರಿಯಾಗಿದೆ ಎಂದರ್ಥ. ಕನ್ನಡ ಪ್ರಬಂಧ ಬರೆ ಎಂದರೆ ಅಳುವ ಮಗು ಇಲ್ಲಿ ನಾಲ್ಕು ಸಲ ತಿದ್ದಿ ಬರೆಯುತ್ತದೆ.

ಕೊನೆಯದಾಗಿ, ಎಲ್ಲ ಹದಕ್ಕೆ ಬಂದ ಮೇಲೆ ಬಣ್ಣ ಹಚ್ಚಲಿ. ರಟ್ಟಿನ ಹಿಂಬದಿಯಲ್ಲಿ ಆಟದ ಹೆಸರು, ಮಾಡಿದವರ ಹೆಸರು, ತಾರೀಖು ಬರೆಸಿ. ಇದನ್ನು ಮರೆಯಲೇಬೇಡಿ.

ಕೆಲವು ಎಚ್ಚರಿಕೆಯ ಮಾತು

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಬೀಜ, ಗುಂಡಿ, ಕವಡೆಗಳನ್ನು ಆಟವಾದ ಕೂಡಲೇ ಎಣಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಬಾಯಿಗೋ ಮೂಗಿಗೋ ಹಾಕಿಕೊಂಡರೆ ಪ್ರಾಣಕ್ಕೆ ಅಪಾಯ. ಕತ್ತರಿ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ.

ಸೋತರೆ ರಟ್ಟು ಹರಿದು ಎಸೆಯುವ ಮಕ್ಕಳಿರುತ್ತಾರೆ. ಅಂಥವರ ಕೈಗೇ ಆಟ ತಿದ್ದುವ ಕೆಲಸ ಕೊಡಿ. "ನೀನು ಸೋತೆಯಲ್ಲ, ಯಾವ ನಿಯಮದಿಂದ ಸೋತೆ ಹೇಳು" ಎಂದು ಕೇಳಿದರೆ ಅಳು ನಿಂತು ಯೋಚನೆ ಶುರುವಾಗುತ್ತದೆ. ಎಲ್ಲ ಸಲವೂ ಅಲ್ಲ, ಬಹಳ ಸಲ.

ಪ್ರದರ್ಶನ, ಬಹುಮಾನ ಎಂದು ಅವಸರ ಮಾಡಬೇಡಿ. 2021ರಲ್ಲಿ ಕೇಂದ್ರ ಸರ್ಕಾರವೇ ವಿದ್ಯಾರ್ಥಿಗಳು ಹೊಸ ಆಟ, ಆಟಿಕೆಗಳನ್ನು ರೂಪಿಸಲೆಂದು ಟಾಯ್‌ಕಥಾನ್ ಎಂಬ ದೊಡ್ಡ ಸ್ಪರ್ಧೆ ನಡೆಸಿತು. ಒಳ್ಳೆಯದೇ. ಆದರೆ ಮನೆಯ ಆಟಕ್ಕೆ ಅಂಕ ಹಾಕಬೇಡಿ. ಮತ್ತು ನನ್ನ ಹಾಗೆ, ಚೆಂದ ಮಾಡುತ್ತೇನೆಂದು ಪೆನ್ಸಿಲು ಕಸಿದುಕೊಳ್ಳಬೇಡಿ. ಕೈ ತುರಿಸಿದರೆ ಹೋಗಿ ನಾಲ್ಕು ಚಪಾತಿ ಲಟ್ಟಿಸಿ!

ಶಾಲೆಯ ಕೊನೆಯ ಶನಿವಾರ ತಾಯಂದಿರನ್ನೂ ಕರೆದಿದ್ದೆವು. ಆ ಹುಡುಗಿಯ ತಾಯಿ ಕೆಲಸದ ಮನೆಗಳನ್ನು ಮುಗಿಸಿಕೊಂಡು ತಡವಾಗಿ ಬಂದರು. ಬಾಗಿಲಲ್ಲೇ ನಿಂತಿದ್ದವರನ್ನು ಮಗಳು ಕೈ ಹಿಡಿದು ಎಳೆದು ಕೂರಿಸಿದಳು. ಆಟದ ರಟ್ಟು ಕಂಡು ಆಕೆಗೆ ನಗು. "ಇದು ನಮ್ಮ ಬೀದಿ ನಲ್ಲಿ ಅಲ್ಲವೇನೇ!" ಎರಡು ಸಲ ಆಡಿದರು. ಆಮೇಲೆ ಯೋಚನೆ ಮಾಡಿ, "ಮಗಾ, ರಾತ್ರಿ ಯಾರಾದರೂ ನೆಂಟರು ಬಂದರೆ? ಒಂದು ಚೊಂಬು ನೀರು ಎತ್ತಿಡಬೇಕಲ್ಲ, ಅದೆಲ್ಲಿದೆ ನಿನ್ನ ಆಟದಲ್ಲಿ?" ಎಂದರು.

ಎಲ್ಲರೂ ಹುಡುಗಿಯ ಮುಖ ನೋಡಿದೆವು. ನನಗಂತೂ ಈ ಸಲ ಬಾಯಿ ಬಿಗಿ ಹಿಡಿದು ಅಭ್ಯಾಸವಾಗಿತ್ತು. ಅವಳು ರಟ್ಟನ್ನು ಒಮ್ಮೆ ತಿರುಗಿಸಿ ನೋಡಿದಳು. "ಇನ್ನೆರಡು ಬೀಜ ಬೇಕಾಗುತ್ತೆ. ಆಡಿ ನೋಡೋಣ ಇರಮ್ಮ" ಎಂದು ನಲ್ಲಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚೊಂಬು ಬರೆದಳು.

ಇವತ್ತು ಸಾರಿಗೆ ಹುಣಿಸೆಹಣ್ಣು ನೆನೆಹಾಕುವಾಗ ಬೀಜ ಎಸೆಯಬೇಡಿ. ತೊಳೆದು, ಬಿಸಿಲಿಗೆ ಹಾಕಿ, ಒಂದು ಡಬ್ಬಿಯಲ್ಲಿ ತುಂಬಿಡಿ. "ಅಮ್ಮಾ, ಬೇಜಾರು" ಎಂದು ನಾಳೆ ಮಗು ಬಂದಾಗ ಆ ಡಬ್ಬಿಯನ್ನೂ ಒಂದು ಹಳೆಯ ರಟ್ಟನ್ನೂ ಕೈಗೆ ಕೊಡಿ. ಉಳಿದದ್ದು ಅವರು ನೋಡಿಕೊಳ್ಳುತ್ತಾರೆ. ನೀವು ಒಗ್ಗರಣೆ ಕಡೆ ನೋಡಿ, ಸೀದೀತು!